ಪುಸ್ತಕದಲ್ಲಿ ಇಲ್ಲದ ಹಾಲು

೧೬೭೬, ಮೂರನೆಯ ತಿಂಗಳು, ೧೨

ಜೆರೂಶಾ ಹಾಲೆಟ್ ಬದುಕಿ ಬಂದಿದ್ದಾಳೆ.

ಬೆಳಗಿನ ಗಂಜಿಗೆ ಕೂತಿದ್ದೆ, ಸಭಾಮಂದಿರದ ನಗಾರಿ ಬಡಿಯಿತು. ಆರಾಧನೆಯ ಸಬ್ಬತ್ ದಿನವಲ್ಲದೆ ನಗಾರಿ ಬಡಿದರೆ ನಮ್ಮ ಮಾರ್ಷ್‌ಬರಿಯಲ್ಲಿ ಅದು ದಾಳಿಯ ಸುದ್ದಿಯೇ. ಬಂದೂಕು ಹಿಡಿದು ಓಡಿದೆ. ನಮ್ಮ ಇಂಗ್ಲಿಷರಿಗೂ ಕಾಡಿನ ಬುಡಕಟ್ಟಿನವರಿಗೂ ಈ ಯುದ್ಧ ಶುರುವಾದಂದಿನಿಂದ ಬೋಧಕನಾದ ನಾನೂ ಬಂದೂಕಿಲ್ಲದೆ ಪೀಠ ಹತ್ತಿದವನಲ್ಲ. ಹೋಗಿ ನೋಡಿದರೆ ರಸ್ತೆಯಲ್ಲಿ ಶತ್ರುವಿಲ್ಲ, ಜಿಂಕೆಯ ತೊಗಲು ಹೊದ್ದ ಒಬ್ಬಳೇ ಹೆಂಗಸು. ಕಾಲಿಗೆ ಕಾಡಿನವರ ಮೆಟ್ಟು, ತೋಳಲ್ಲಿ ಕೂಸು. ಹತ್ತು ವರ್ಷದಿಂದ ನೋಡುತ್ತಿರುವ ಮುಖ ಅದು. ಗುರುತು ಹಿಡಿಯಲು ಆಗಲಿಲ್ಲ.

ಹನ್ನೊಂದು ವಾರದ ಹಿಂದೆ ಅನ್ಯಜನರು ಊರಿನ ಅಂಚಿನ ಮನೆಗಳನ್ನು ಸುಟ್ಟರು. ಅವಳ ಗಂಡ ರೂಬೆನ್ ಹೊಸ್ತಿಲಲ್ಲೇ ಸತ್ತ. ತುಂಬು ಗರ್ಭಿಣಿಯಾಗಿದ್ದ ಇವಳನ್ನು ಹಿಡಿದುಕೊಂಡು ಹೋದರು. ನಾವು ಸತ್ತಳೆಂದೇ ಪ್ರಾರ್ಥನೆ ಮಾಡಿ ಮುಗಿಸಿದ್ದೆವು. ಈಗ ಕೈದಿಗಳ ಅದಲುಬದಲಿನಲ್ಲಿ ಬಿಡುಗಡೆಯಾಗಿ ಬಂದಿದ್ದಾಳೆ, ಕಾಡಿನಲ್ಲಿ ಹೆತ್ತ ಹೆಣ್ಣುಕೂಸಿನೊಂದಿಗೆ.

ಅನ್ನ ನೀರು ಕೇಳಲಿಲ್ಲ, ಗಂಡನ ಗೋರಿ ಎಲ್ಲಿ ಎಂದೂ ಕೇಳಲಿಲ್ಲ. ರಸ್ತೆಯಲ್ಲಿ ನಿಂತೇ, "ಅಯ್ನೋರೇ, ನನ್ನ ಮಗೂಗೆ ದೀಕ್ಷಾಸ್ನಾನ ಕೊಡ್ತೀರಾ?" ಎಂದಳು.

ಕೊಡುತ್ತೇನೆ ಎನ್ನಲು ನನಗೆ ಅಧಿಕಾರವಿಲ್ಲ. ತಂದೆ ತಾಯಿಯಲ್ಲಿ ಒಬ್ಬರಾದರೂ ಸಭೆಯ ಮುಂದೆ ಸಾಕ್ಷಿ ಹೇಳಿ, ದೇವರ ಕೃಪೆ ತಮಗೆ ಹೇಗೆ ಬಂತೆಂದು ತೋರಿಸಿ, ಸಭೆಯ ಗಂಡಸರು ಕೈಯೆತ್ತಿ ಒಪ್ಪಿದ ಸದಸ್ಯರಾಗಿರಬೇಕು. ಅಕ್ಕಪಕ್ಕದ ಊರುಗಳಲ್ಲಿ ಈ ಕಟ್ಟು ಸಡಿಲವಾಗಿದೆ, ನಮ್ಮಲ್ಲಿ ಆಗಿಲ್ಲ. ಕೃಪೆಯ ಗುರುತು ತನ್ನಲ್ಲಿ ಕಾಣುತ್ತಿಲ್ಲವೆಂದು ರೂಬೆನ್ ಕಡೆಯವರೆಗೂ ಸಾಕ್ಷಿ ಹೇಳಲಿಲ್ಲ. ಇನ್ನು ಜೆರೂಶಾ ಹೇಳಬೇಕು. ಅಲ್ಲಿಯವರೆಗೆ ಮಗುವಿಗೆ ಹೆಸರಿಡುವುದಿಲ್ಲವಂತೆ.

ಬಲಗಡೆಯ ದವಡೆಹಲ್ಲು ನೋಯುತ್ತಿದೆ. ಅರ್ಥ: ಹೋದ ಸಬ್ಬತ್ತಿನ ಪ್ರಸಂಗ ಚೆನ್ನಾಗಿತ್ತೆಂದು ಒಳಗೊಳಗೇ ಹಿಗ್ಗಿದ್ದಕ್ಕೆ ಶಿಕ್ಷೆ. ಜೆರೂಶಾ ಬಂದದ್ದರ ಅರ್ಥ: ದೇವರು ಈ ಊರನ್ನು ಕೈಬಿಟ್ಟಿಲ್ಲ.

ಮೂರನೆಯ ತಿಂಗಳು, ೨೨

ನಾಲ್ಕು ದಿನದಿಂದ ಬೆಳಗಿನ ಹೊತ್ತು ಜೆರೂಶಾ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ನನ್ನ ಹೆಂಡತಿ ಡಾರ್ಕಸ್ ಅವರೆಕಾಳು ಸುಲಿಯುತ್ತಾ ಕೇಳುತ್ತಾಳೆ. ಇದು ಅವಳ ಸಾಕ್ಷಿಯೂ ಆಗುತ್ತದೆ, ಪುಸ್ತಕವೂ ಆಗುತ್ತದೆ. ಇಂಥ ಕಥನ ಬಾಸ್ಟನ್ನಿನಲ್ಲಿ ಅಚ್ಚಾದರೆ ಎಷ್ಟು ಬಾಡಿದ ಆತ್ಮಗಳು ಚಿಗುರಬಹುದು! ಅಡವಿ, ಹಿಮ, ಶತ್ರು, ನಡುವೆ ಒಬ್ಬಳು ಅಬಲೆ, ಮೇಲೆ ದೇವರ ಕೈ. ನಾನು ಕಟ್ಟಬೇಕಾದದ್ದೇನೂ ಇಲ್ಲ, ದೇವರೇ ಕಟ್ಟಿಕೊಟ್ಟಿದ್ದಾನೆ.

ಒಂದು ತೊಡಕು ಮಾತ್ರ ಇದೆ. ಇವತ್ತು ಹೇಳಿದ್ದನ್ನು ಅವಳ ಬಾಯಲ್ಲಿ ಬಂದಂತೆಯೇ ಬರೆದಿಡುತ್ತೇನೆ.

"ಹೆರಿಗೆಯಾಗಿ ಎರಡು ವಾರಕ್ಕೆ ನನ್ನೆದೆ ಬತ್ತೋಯ್ತು ಅಯ್ನೋರೇ. ಮರದ ತೊಗಟೆ ಬೇಯಿಸ್ಕೊಂಡು ತಿಂದ್ರೆ ಹಾಲೆಲ್ಲಿಂದ ಬರುತ್ತೆ? ಕೂಸು ಅಳೋದನ್ನೂ ನಿಲ್ಲಿಸ್ಬಿಟ್ಟಿತ್ತು. ಅಲ್ಲಿ ಸೀಕ್ವಾನ್ ಅಂತ ಒಬ್ಬಳು. ಅವಳ ಕೂಸು ಹಿಂದಿನ ದಿನ ಸತ್ತಿತ್ತು. ನಮ್ಮ ಸಿಪಾಯಿಗಳು ಅವರ ಜೋಳದ ಕಣಜ ಸುಟ್ಟಿದ್ರಲ್ಲ, ಆ ಹಸಿವಿಗೆ. ಅದನ್ನ ಹಿಮದಲ್ಲಿ ಹುಗಿದು ಬಂದಳು. ಬಂದೋಳು ನನ್ನ ಮುಂದೆ ಬಹಳ ಹೊತ್ತು ಕೂತ್ಲು. ಆಮೇಲೆ ಕೈ ಚಾಚಿದ್ಲು. ನಾನು ಕೊಟ್ಟೆ. ಕೊಲ್ತಾಳೇನೋ ಅಂದ್ಕೊಂಡೇ ಕೊಟ್ಟೆ. ಅವಳು ಎದೆಗೆ ಹಾಕ್ಕೊಂಡ್ಲು. ಐದು ವಾರ ಅಯ್ನೋರೇ, ಐದು ವಾರ ಕುಡಿಸಿದ್ಲು."

"ಬರುವಾಗ ಏನಂದಳು?" ಎಂದು ಡಾರ್ಕಸ್ ನಡುವೆ ಬಾಯಿ ಹಾಕಿದಳು.

"ಏನೂ ಅನ್ನಲಿಲ್ಲ ತಾಯಿ. ನಾನು ಉಟ್ಟಿದ್ದ ನೀಲಿ ಏಪ್ರನ್ ಬಿಚ್ಚಿ ಕೊಟ್ಟೆ. ಕೊಡಕ್ಕೆ ಇನ್ನೇನಿತ್ತು?"

ಡಾರ್ಕಸ್ ಕಣ್ಣೊರೆಸಿಕೊಂಡಳು. ನಾನು ಬರೆಯುವ ನೆವದಲ್ಲಿ ತಲೆ ತಗ್ಗಿಸಿದೆ. ಇದರ ಅರ್ಥ ಇನ್ನೂ ಹೊಳೆದಿಲ್ಲ. ಪ್ರಾರ್ಥನೆ ಮಾಡಬೇಕು.

ಮೂರನೆಯ ತಿಂಗಳು, ೨೫

ಸಭೆಯ ಕೆಲಸಕಾರ್ಯ ನೋಡಿಕೊಳ್ಳುವ ಡೀಕನ್ ಪೆಲೆಗ್ ಸ್ಟಬ್ಸ್ ಬಂದಿದ್ದ. ಸಭೆಯಲ್ಲಿ ಅವನ ಮಾತು ನನ್ನ ಮಾತಿಗಿಂತ ಒಂದು ತೂಕ ಹೆಚ್ಚೇ. ಅವನ ಒಬ್ಬನೇ ಮಗ ಹೋದ ವರ್ಷ ಇದೇ ಯುದ್ಧದಲ್ಲಿ ಸತ್ತ, ಹೆಣವೂ ಸಿಗಲಿಲ್ಲ. ಕೂರು ಎಂದರೆ ಕೂರಲಿಲ್ಲ.

"ಆ ಕೂಸು ಕಾಡಲ್ಲಿ ಏನು ಕುಡಿದು ಬದುಕ್ತು ಅಯ್ಯನೋರೇ?"

"ತಾಯಿ ಇದ್ದಳಲ್ಲ."

"ಊರೆಲ್ಲ ಏನೇನೋ ಅಂತಾರೆ. ನೋಡಿ, ನಾನು ಹಸು ಕಟ್ಟಿದೋನು. ಹಾಲಿನ ಜೊತೆ ಗುಣ ಇಳಿಯುತ್ತೆ. ಆ ರಾಕ್ಷಸರ ಹಾಲು ಕುಡಿದಿರೋ ಕೂಸಾದ್ರೆ ನಾನು ಕೈ ಎತ್ತಲ್ಲ. ಎತ್ತೋರ ಕೈಯನ್ನೂ ಇಳಿಸ್ತೀನಿ. ಈಗಲೇ ಹೇಳಿದ್ದೀನಿ."

ಅವನ ಮೇಲೆ ನನಗೆ ಕೋಪ ಬರಲಿಲ್ಲ. ಮಗನನ್ನು ಕಳೆದುಕೊಂಡವನ ಎದುರು ನಿಂತು ವಾದ ಮಾಡುವ ಎದೆ ಯಾರಿಗಿದೆ?

ಅವನು ಹೋದ ಮೇಲೆ ಅರ್ಥ ಹೊಳೆಯಿತು. ಹಾಲನ್ನು ಕೊಟ್ಟವನು ದೇವರು. ಯಾವ ಪಾತ್ರೆಯಲ್ಲಿ ಕೊಟ್ಟ ಎಂಬುದು ಓದುಗರಿಗೆ ಬೇಕಿಲ್ಲ. ಪಾತ್ರೆಯನ್ನು ಬಿಟ್ಟರೆ ದೇವರ ಮಹಿಮೆ ಇನ್ನೂ ಸ್ಪಷ್ಟವಾಗುತ್ತದೆ, ಮಗುವಿಗೂ ದೀಕ್ಷಾಸ್ನಾನವಾಗುತ್ತದೆ. ಗಿಡದ ಕೊಂಬೆ ಸವರಿದಂತೆ, ಅಷ್ಟೇ. ಆ ಪುಟವನ್ನು ತೆಗೆದು ಹೀಗೆ ಬರೆದೆ: "ಮನುಷ್ಯರ ಕೈಯ ನೆರವಿಲ್ಲದೆ, ಕಣ್ಣಿಗೆ ಕಾಣದ ಬಗೆಯಲ್ಲಿ, ದೇವರು ಆ ಕೂಸನ್ನು ಪೋಷಿಸಿದನು." ವಾಕ್ಯ ಚೆನ್ನಾಗಿ ಬಂದಿದೆ. ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ನಾಲ್ಕನೆಯ ತಿಂಗಳು, ೨

ಅಚ್ಚಿಗೆ ಕಳಿಸುವ ಪ್ರತಿಯನ್ನು ಡಾರ್ಕಸ್ ಬರೆದುಕೊಡುತ್ತಿದ್ದಾಳೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ. ಒಂದು ಪುಟದಲ್ಲಿ ನಿಲ್ಲಿಸಿ ಬರೆಯುವ ಗರಿ ಕೆಳಗಿಟ್ಟಳು.

"ರೀ, ಹಾಲು ಕೊಟ್ಟವಳು ಎಲ್ಲಿ?"

"ಅದನ್ನ ಬಿಟ್ಟಿದ್ದೀನಿ."

"ಜೆರೂಶಾಗೆ ಗೊತ್ತಾ?"

"ಅವಳಿಗೆ ಓದಿ ಹೇಳ್ತೀನಿ. ನೀನು ಬರಿ."

"ಬರೀತೀನಿ. ಅಕ್ಷರ ನನ್ನದು, ಮಾತು ನಿಮ್ಮದು. ದೇವರು ಇದನ್ನ ಬೇರೆಬೇರೆಯಾಗಿ ಲೆಕ್ಕ ಇಟ್ಕೋತಾನೆ ಅಂತ ನಂಬಿದ್ದೀನಿ" ಎಂದು ಗರಿ ಎತ್ತಿಕೊಂಡಳು. ಇವಳ ನಾಲಿಗೆಗೆ ಇಪ್ಪತ್ತು ವರ್ಷದಲ್ಲಿ ನಾನು ಒಗ್ಗಿಕೊಂಡಿಲ್ಲ.

ಸಂಜೆ ಜೆರೂಶಾಳಿಗೆ ಓದಿ ಹೇಳಿದೆ. ಅಚ್ಚಿನ ಅಕ್ಷರವಾದರೆ ಅವಳಿಗೆ ಓದಲು ಬರುತ್ತದೆ, ಚಿಕ್ಕಂದಿನಲ್ಲಿ ಬೈಬಲ್ ಓದಲು ಕಲಿತವಳು. ಕೈಬರಹ ಬಾರದು, ಇಲ್ಲಿನ ಬಹಳ ಹೆಂಗಸರಿಗೆ ಬಾರದು. ಕೂಸು ಅಳುತ್ತಿತ್ತು. ಆ ಪುಟ ಬಂದಾಗ ಎರಡು ಹಾಳೆ ಒಟ್ಟಿಗೆ ಮಗುಚಿದೆ. ಅವಳು ಕೂಸನ್ನು ಸಮಾಧಾನ ಮಾಡುತ್ತಿದ್ದಳು, ಗಮನಿಸಲಿಲ್ಲ.

ಪುಸ್ತಕ ಮೊದಲು, ಸಭೆಯಲ್ಲಿ ಸಾಕ್ಷಿ ಆಮೇಲೆ. ಅಚ್ಚಾದ ಮಾತನ್ನು ಪೆಲೆಗ್ ಕೂಡ ಅಲ್ಲಗಳೆಯಲಾರ.

ಹಲ್ಲುನೋವು ಕಡಿಮೆಯಾಗಿದೆ. ಅರ್ಥ: ಮಾಡಿದ್ದು ಸರಿ.

ಏಳನೆಯ ತಿಂಗಳು, ೯

ಪುಸ್ತಕ ಬಂತು. ಚರ್ಮದ ಹೊದಿಕೆಯಿಲ್ಲದ ತೆಳು ಪುಸ್ತಕ, ಶಾಯಿಯ ವಾಸನೆ ಇನ್ನೂ ಹೋಗಿಲ್ಲ. ಮೊದಲ ಪುಟದಲ್ಲಿ ಅಚ್ಚುಕೂಟದವನು "ಸೆಪ್ಟೆಂಬರ್" ಎಂದು ಹಾಕಿದ್ದಾನೆ. ಏಳನೆಯ ತಿಂಗಳು ಎಂದು ಬರೆದುಕೊಟ್ಟಿದ್ದೆ. ಮಾರ್ಚಿನಿಂದ ಏಳರವರೆಗೆ ಎಣಿಸಲು ಬಾರದವನು ಅಚ್ಚುಮೊಳೆ ಹೇಗೆ ಜೋಡಿಸುತ್ತಾನೋ. ಅನ್ಯದೇವತೆಗಳ ಹೆಸರು ಹೊತ್ತ ರೋಮನ್ನರ ಪಂಚಾಂಗ ನನ್ನ ಹೆಸರಿನ ಕೆಳಗೇ ಬಂದು ಕೂತಿದೆ.

ಆ ಹೆಸರನ್ನು ಇವತ್ತು ಎಷ್ಟು ಸಲ ನೋಡಿದೆನೆಂದು ಬರೆಯುವುದಿಲ್ಲ. ಹೆಮ್ಮೆಯೇ ಮೊದಲ ಪಾಪ. ಹಲ್ಲು ಮತ್ತೆ ಶುರುವಾಗಿದೆ, ಅರ್ಥ ಬೇರೆ ಹೇಳಬೇಕಿಲ್ಲ.

ಜೆರೂಶಾಳಿಗೆ ಒಂದು ಪ್ರತಿ ಕೊಟ್ಟೆ. ಎದೆಗೆ ಅವುಚಿಕೊಂಡು ಹೋದಳು.

ಏಳನೆಯ ತಿಂಗಳು, ೧೩

ಅವಳು ನಾಲ್ಕು ದಿನ ತೆಗೆದುಕೊಂಡು ಬೆರಳಿಟ್ಟು ಓದಿದ್ದಾಳೆ. ಇವತ್ತು ಬಂದಳು. ನಾನು ಸೇಬು ಆಯುತ್ತಿದ್ದೆ. ಬೇಲಿಯಾಚೆಯೇ ನಿಂತಳು, ಒಳಗೆ ಕಾಲಿಡಲಿಲ್ಲ.

"ಅಯ್ನೋರೇ, ಸೀಕ್ವಾನ್ ಎಲ್ಲಿ?"

ಕೈಯಲ್ಲಿದ್ದ ಸೇಬನ್ನು ಬುಟ್ಟಿಗೆ ಹಾಕಿದೆ.

"ಮೂರು ಸಲ ಹುಡುಕ್ದೆ. ನನಗೇ ಓದಕ್ಕೆ ಬರ್ತಿಲ್ವೇನೋ ಅಂದ್ಕೊಂಡೆ. ಮನುಷ್ಯರ ಕೈಯ ನೆರವಿಲ್ಲದೆ ಅಂತಿದೆ. ನಾನು ಹಂಗೆ ಹೇಳಿದ್ನಾ?"

ಮಗುವಿನ ಒಳಿತಿಗಾಗಿ ಎಂದೆ. ಪೆಲೆಗ್ ಹೇಳಿದ್ದನ್ನು ಹೇಳಿದೆ. ಹಾಲು ದೇವರದೇ ಅಲ್ಲವೇ ಎಂದೆ. ಪೀಠದ ಮೇಲಿಂದ ಹೇಳಿದ್ದರೆ ಎಲ್ಲರೂ ತಲೆದೂಗುತ್ತಿದ್ದರು.

"ನನ್ನ ಹತ್ರ ಕೇಳಿದ್ರೆ ನಾನೇ ಬಿಡಿ ಅಂತಿದ್ನೇನೋ" ಎಂದಳು. "ಮಗೂಗೋಸ್ಕರ ಏನ್ ಬೇಕಾದ್ರೂ ಬಿಡ್ತಿದ್ದೆ. ಆದ್ರೆ ನೀವು ಕೇಳ್ಲಿಲ್ಲ. ಎರಡು ಹಾಳೆ ಒಟ್ಟಿಗೆ ಮಗುಚಿದ್ರಿ. ನಾನು ನೋಡ್ದೆ ಅಯ್ನೋರೇ. ಅಂಟ್ಕೊಂಡಿತ್ತೇನೋ ಅಂದ್ಕೊಂಡೆ. ನಿಮ್ಮ ಮೇಲೆ ಹಂಗೆ ಅನುಮಾನ ಪಡೋಕೆ ನನಗೆ ಬರ್ಲಿಲ್ಲ."

ಪುಸ್ತಕವನ್ನು ಬೇಲಿಯ ಕಂಬದ ಮೇಲಿಟ್ಟು ಹೋದಳು. ಡಾರ್ಕಸ್ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಏನೂ ಆಡಲಿಲ್ಲ. ಇವತ್ತು ಆಡಿದ್ದರೆ ಒಳ್ಳೆಯದಿತ್ತು.

ಏಳನೆಯ ತಿಂಗಳು, ೧೯

ಪೆಲೆಗ್ ಪೀಪಾಯಿ ಸಾಗಿಸಲು ಬಂದರಿಗೆ ಹೋಗಿ ಬಂದ. ಸೆರೆಸಿಕ್ಕ ಕಾಡಿನವರನ್ನು ಅಲ್ಲಿ ದೊಡ್ಡಿಯಲ್ಲಿ ಕೂಡಿಹಾಕಿದ್ದಾರೆ, ಗಂಡಸರು, ಹೆಂಗಸರು, ಮಕ್ಕಳು. ದಕ್ಷಿಣದ ದ್ವೀಪಗಳ ಕಬ್ಬಿನ ತೋಟಗಳಿಗೆ ಗುಲಾಮರಾಗಿ ಮಾರುತ್ತಾರೆ. ಗಾಳಿ ತಿರುಗಿದ ಕೂಡಲೇ ಹಡಗು ಹೊರಡುತ್ತದೆ.

"ಅಲ್ಲೊಬ್ಬಳು ಕಂಡ್ಲು ಅಯ್ಯನೋರೇ" ಎಂದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಬೇಲಿ ಹತ್ರ ಹೋದ ಇಂಗ್ಲಿಷರನ್ನೆಲ್ಲ ಕೂಗಿ ಜೆರೂಶಾ, ಜೆರೂಶಾ ಅಂತಾಳೆ. ಬೇರೆ ಮಾತೇ ಇಲ್ಲ. ಸೊಂಟದಲ್ಲಿ ನಮ್ಮ ಹೆಂಗಸರ ನೀಲಿ ಏಪ್ರನ್. ಕದ್ದಿದ್ದೇ ಇರಬೇಕು. ಅಲ್ವಾ?"

ಅವನಿಗೆ ಹೌದು ಎನಿಸಿಕೊಳ್ಳಬೇಕಿತ್ತು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆದರೆ ಸುದ್ದಿ ಜೆರೂಶಾಳಿಗೆ ಮುಟ್ಟಿತ್ತು. ನಾನು ಹೇಳಬೇಕೆಂದು ಹೊರಡುವಷ್ಟರಲ್ಲಿ ಅವಳೇ ಓಡಿ ಬಂದಳು. ನಮ್ಮವರಿಗೆ ಉಪಕಾರ ಮಾಡಿದ ಕೈದಿಗಳಿದ್ದರೆ, ಬೋಧಕರು ಬರೆದುಕೊಟ್ಟರೆ, ಬಿಟ್ಟುಬಿಡುತ್ತಾರಂತೆ. ನನ್ನ ಕಾಲು ಹಿಡಿಯಲು ಬಗ್ಗಿದಳು. ಕೂಸು ಅವಳ ಹೆಗಲಿನಿಂದ ನನ್ನನ್ನೇ ನೋಡುತ್ತಿತ್ತು.

ನಾಳೆ ಹೊರಡುತ್ತೇನೆ.

ಏಳನೆಯ ತಿಂಗಳು, ೨೨

ಅವಳನ್ನು ನೋಡಿದೆ.

ಮ್ಯಾಜಿಸ್ಟ್ರೇಟರ ಮನೆಗೆ ಹೋಗುವ ದಾರಿಯಲ್ಲೇ ದೊಡ್ಡಿ. ಇಪ್ಪತ್ತೈದು ಮೂವತ್ತರ ಹೆಂಗಸು, ಮೂಳೆ ಚರ್ಮ. ಏಪ್ರನ್ನಿನ ಬಣ್ಣ ಮಾಸಿದೆ. ನಾನು ಬೇಲಿಯ ಹತ್ತಿರ ನಿಂತು "ಜೆರೂಶಾ" ಎಂದೆ. ಎದ್ದು ಬಂದಳು. ಎರಡು ತೋಳುಗಳನ್ನು ತೊಟ್ಟಿಲಿನಂತೆ ಸೇರಿಸಿ ಹಿಡಿದು, ಹುಬ್ಬು ಎತ್ತಿ ನನ್ನನ್ನು ಕೇಳಿದಳು. ನಾನು ಅಂಗೈಯನ್ನು ನೆಲದಿಂದ ಮೇಲೆ ಹಿಡಿದು ಎಷ್ಟು ಬೆಳೆದಿದೆ ಎಂದು ತೋರಿಸಿದೆ. ಕೂರುತ್ತದೆ, ಅಂಬೆಗಾಲಿಡುತ್ತದೆ ಎಂದೂ ತೋರಿಸಿದೆ, ಆ ರಸ್ತೆಯಲ್ಲಿ, ಕಪ್ಪು ನಿಲುವಂಗಿಯಲ್ಲಿ, ಜನ ನೋಡುತ್ತಿರುವಾಗ. ಅವಳು ನಕ್ಕಳು. ತನ್ನ ವಿಷಯ ಏನೂ ಕೇಳಲಿಲ್ಲ.

ಮ್ಯಾಜಿಸ್ಟ್ರೇಟರು ಸಜ್ಜನರು, ಬಿಸಿ ಸೇಬಿನ ಮದ್ಯ ಕೊಟ್ಟು ಕೂರಿಸಿದರು. ಮೇಜಿನ ಮೇಲೆ ನನ್ನ ಪುಸ್ತಕವೇ ಇತ್ತು.

"ನಮ್ಮನೇಲಿ ಊಟ ಆದ್ಮೇಲೆ ದಿನಾ ಇದನ್ನೇ ಓದಿಸ್ತೀವಿ ಸ್ವಾಮಿ. ನನ್ನ ಹೆಂಡತಿಗಂತೂ ಕಣ್ಣೀರೇ ನಿಲ್ಲಲ್ಲ."

ಸೀಕ್ವಾನ್ ಹಾಲು ಕುಡಿಸಿದ್ದನ್ನು ಬರೆದು ತಂದಿದ್ದ ಕಾಗದ ಕೊಟ್ಟೆ. ಓದಿದರು. ಪುಸ್ತಕ ತೆರೆದು ಆ ಪುಟ ಹುಡುಕಿ, ಎರಡನ್ನೂ ಅಕ್ಕಪಕ್ಕ ಇಟ್ಟರು.

"ಇದರಲ್ಲಿ ಯಾವುದು ನಿಜ?"

"ಕಾಗದ."

"ಹಾಗಾದ್ರೆ ಪುಸ್ತಕ ಸುಳ್ಳು."

"ಸುಳ್ಳಲ್ಲ. ಸ್ವಲ್ಪ ಬಿಟ್ಟಿದ್ದೀನಿ."

"ಮನುಷ್ಯರ ಕೈಯ ನೆರವಿಲ್ಲದೆ ಅಂತ ಬರೆದಿದ್ದೀರಿ. ಇದು ಬಿಟ್ಟಿದ್ದಲ್ಲ ಸ್ವಾಮಿ, ಸೇರಿಸಿದ್ದು." ದನಿ ಏರಿಸಲಿಲ್ಲ, ಅದೇ ಕಷ್ಟವಾಯಿತು. "ಈ ಪ್ರಾಂತ್ಯದಲ್ಲೆಲ್ಲ ಜನ ಪುಸ್ತಕ ಓದಿದ್ದಾರೆ. ನಿಮ್ಮ ಒಂದು ಕಾಗದ ನಂಬಿ ಅವಳನ್ನ ಬಿಟ್ಟರೆ ನಾಳೆ ನನ್ನ ಮನೆ ಮುಂದೆ ಕಲ್ಲು ಬೀಳುತ್ತೆ. ಒಂದು ಕೆಲಸ ಮಾಡಿ. ನಿಮ್ಮ ಸಭೆಯ ಮುಂದೆ ನಿಂತು ತಪ್ಪು ಒಪ್ಪಿಕೊಳ್ಳಿ. ಸಭೆ ಕೈಯೆತ್ತಿ ಈ ಕಾಗದ ನಿಜ ಅಂದ್ರೆ, ಡೀಕನ್ ರುಜು ಹಾಕಿಸಿ ತನ್ನಿ. ಅವತ್ತೇ ಬಿಡ್ತೀನಿ."

"ಹಡಗು?"

"ಗಾಳಿ ನನ್ನ ಕೈಲಿಲ್ಲ."

ಬರುವಾಗ ದೊಡ್ಡಿಯ ಮುಂದಿನ ದಾರಿ ಬಿಟ್ಟು ಸುತ್ತುಹಾಕಿ ಬಂದೆ.

ಏಳನೆಯ ತಿಂಗಳು, ೨೪, ಸಬ್ಬತ್

ಹೇಳಲಿಲ್ಲ.

ತಪ್ಪೊಪ್ಪಿಗೆ ಬರೆದು ಬೈಬಲಿನ ಒಳಗಿಟ್ಟುಕೊಂಡಿದ್ದೆ. ಪೀಠ ಹತ್ತಿದೆ. ಪೆಲೆಗ್ ಎದುರಿನ ಡೀಕನ್ ಬೆಂಚಿನಲ್ಲಿದ್ದ. ಅವನ ಮಗ ಯುದ್ಧಕ್ಕೆ ಹೊರಟು ಇವತ್ತಿಗೆ ಸರಿಯಾಗಿ ವರ್ಷವಂತೆ, ಅವನ ಹೆಂಡತಿ ಬಾಗಿಲಲ್ಲೇ ಹೇಳಿದ್ದಳು. ಇವತ್ತು ಬೇಡ, ಇವತ್ತು ಆ ಮನುಷ್ಯನ ಮುಂದೆ ಬೇಡ ಎನಿಸಿತು. ಬರುವ ಸಬ್ಬತ್ತಿಗೆ ಹೇಳಿದರಾಯಿತು. ಗಾಳಿ ಇನ್ನೂ ಪೂರ್ವದಿಂದಲೇ ಬೀಸುತ್ತಿದೆ, ಅಷ್ಟರಲ್ಲಿ ಹಡಗು ಹೊರಡಲಾರದು.

ಪೆಲೆಗ್‌ನ ದುಃಖ ನಿಜ. ನಾನು ಅದರ ಹಿಂದೆ ಅವಿತುಕೊಂಡೆ ಎಂಬುದೂ ನಿಜವಿರಬಹುದು. ಪೀಠದ ಮರಳುಗಡಿಯಾರ ಎರಡು ಸಲ ತಿರುಗುವವರೆಗೆ ಧೈರ್ಯದ ಬಗ್ಗೆ ಪ್ರಸಂಗ ಮಾಡಿದೆ.

ಜೆರೂಶಾ ಹೆಂಗಸರ ಕಡೆ, ಹಿಂದಿನ ಬೆಂಚಿನಲ್ಲಿ ಕೊನೆಯವರೆಗೂ ಎದ್ದು ನಿಂತೇ ಇದ್ದಳು.

ಏಳನೆಯ ತಿಂಗಳು, ೨೮

ಗಾಳಿ ತಿರುಗಿದೆ.

ಏಳನೆಯ ತಿಂಗಳು, ೩೦

ಗಾಳಿ ತಿರುಗಿದ ದಿನವೇ ಹಡಗು ಹೋಯಿತಂತೆ.

ಎಂಟನೆಯ ತಿಂಗಳು, ೧, ಸಬ್ಬತ್

ಒಪ್ಪಿಕೊಂಡೆ. ಪೀಠದಿಂದ ಇಳಿದು, ಕಳ್ಳರನ್ನೂ ಕುಡುಕರನ್ನೂ ನಿಲ್ಲಿಸುವ ಜಾಗದಲ್ಲಿ ನಿಂತು ಹೇಳಿದೆ. ಸೀಕ್ವಾನ್ ಎಂಬ ನಿಪ್ಮಕ್ ಬುಡಕಟ್ಟಿನ ಹೆಂಗಸು ಮಗುವಿಗೆ ಐದು ವಾರ ಹಾಲು ಕುಡಿಸಿದಳು. ನಾನು ಅದನ್ನು ತೆಗೆದುಹಾಕಿ ಸುಳ್ಳು ಬರೆದೆ. ಹೋದ ಸಬ್ಬತ್ತಿನಲ್ಲಿ ಹೇಳಬಹುದಿತ್ತು, ಹೇಳಲಿಲ್ಲ.

ಕೂಡಲೇ ಕ್ಷಮಿಸಿದರು. ಅಷ್ಟು ಬೇಗ ಕ್ಷಮಿಸುತ್ತಾರೆಂದು ನಾನು ಎಣಿಸಿರಲಿಲ್ಲ. ಹೊರಗೆ ಬಂದ ಮೇಲೆ ಒಬ್ಬಿಬ್ಬರು ಬೆನ್ನು ತಟ್ಟಿ, "ಒಂದು ಹೆಸರು ಬಿಟ್ಟಿದ್ದಕ್ಕೆ ಇಷ್ಟೆಲ್ಲ ಯಾಕೆ ಹಚ್ಕೊಂಡ್ರಿ ಅಯ್ಯನೋರೇ?" ಎಂದರು. ಪೆಲೆಗ್ ಮಾತ್ರ ಕೆಂಡವಾಗಿದ್ದ. "ನನಗೆ ಮುಖದ ಮೇಲೇ ತಾಯಿ ಇದ್ದಳಲ್ಲ ಅಂದ್ರಿ" ಎಂದ. ಅವನೊಬ್ಬನಾದರೂ ಬೈದ.

ಜೆರೂಶಾ ಬಂದಿರಲಿಲ್ಲ.

ಒಂಬತ್ತನೆಯ ತಿಂಗಳು, ೧೬

ಹಲ್ಲು ಕೀಳಿಸಿದೆ. ಕಮ್ಮಾರನೇ ಕಿತ್ತ. ಬಹಳ ರಕ್ತ ಹೋಯಿತು.

ಹತ್ತನೆಯ ತಿಂಗಳು, ೭

ಮೊದಲ ದೊಡ್ಡ ಹಿಮ ಬಿತ್ತು. ಜೆರೂಶಾ ಸುಟ್ಟ ಮನೆಯ ಹೊಗೆಗೂಡಿಗೆ ಹಲಗೆ ಒರಗಿಸಿಕೊಂಡು ಇದ್ದಾಳೆ. ಹತ್ತು ಸಬ್ಬತ್ ಆಯಿತು, ಸಭೆಗೆ ಬರುತ್ತಿಲ್ಲ. ದಂಡನೆ ವಿಧಿಸಬೇಕೆಂದು ಕೆಲವರು ಅನ್ನುತ್ತಾರೆ, ನಾನು ಕಿವಿಗೆ ಹಾಕಿಕೊಂಡಿಲ್ಲ. ಡಾರ್ಕಸ್ ವಾರಕ್ಕೆರಡು ಸಲ ಬೇಯಿಸಿದ ಕುಂಬಳ, ಅವರೆಕಾಳಿನ ಗಡಿಗೆ ಒಯ್ಯುತ್ತಾಳೆ. ಇವತ್ತು ನಾನೂ ಜೊತೆಗೆ ಹೋಗಿ ಸೌದೆ ಒಡೆದುಕೊಟ್ಟೆ. ಜೆರೂಶಾ ಹೊರಗೆ ಬರಲಿಲ್ಲ. ಮಗು ಬಾಗಿಲ ಸಂದಿಯಲ್ಲಿ ಕೂತು, ಚೆಕ್ಕೆ ಹಾರಿದಾಗಲೆಲ್ಲ ಕಿಲಕಿಲ ನಗುತ್ತಿತ್ತು.

ಹತ್ತನೆಯ ತಿಂಗಳು, ೨೮

ಸೌದೆ. ಮಗುವಿಗೆ ಕೆಮ್ಮು.

ಹನ್ನೊಂದನೆಯ ತಿಂಗಳು, ೧೦

ಜ್ವರ, ಕೆಮ್ಮು ಎರಡೂ ಜೋರಾಗಿವೆ. ಡಾರ್ಕಸ್ ಮೂರು ದಿನದಿಂದ ಅಲ್ಲೇ ಇದ್ದಾಳೆ. ಮಧ್ಯಾಹ್ನ ನಾನು ಸೌದೆ ಇಳಿಸುತ್ತಿದ್ದಾಗ ಜೆರೂಶಾ ಬಾಗಿಲಿಗೆ ಬಂದಳು. ಮೂರು ತಿಂಗಳ ಮೇಲೆ ಮೊದಲ ಮಾತು.

"ಈ ಸಬ್ಬತ್ತಿಗೆ ಸಾಕ್ಷಿ ಹೇಳ್ತೀನಿ. ಹೆಂಗಸರದನ್ನ ನೀವು ಬರ್ಕೊಂಡು ಓದೋ ಪದ್ಧತಿ ಅಲ್ವಾ? ನನ್ನದನ್ನ ಓದ್ಬೇಡಿ. ನಾನೇ ಹೇಳ್ತೀನಿ."

ಆಗಲಿ ಎಂದೆ.

"ಕೈ ಎತ್ತದೇ ಇದ್ರೆ?"

"ಗೊತ್ತಿಲ್ಲ ತಾಯಿ" ಎಂದೆ. ದೇವರ ಚಿತ್ತದ ಬಗ್ಗೆ ಏನಾದರೂ ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ.

ಹನ್ನೊಂದನೆಯ ತಿಂಗಳು, ೧೪, ಸಬ್ಬತ್

ಸಭಾಮಂದಿರದಲ್ಲಿ ಒಲೆಯಿಲ್ಲ. ಎಲ್ಲರ ಬಾಯಿಂದಲೂ ಉಸಿರಿನ ಹೊಗೆ. ಡಾರ್ಕಸ್ ಮಗುವನ್ನು ಕುರಿತುಪ್ಪಳದ ಕಂಬಳಿಯಲ್ಲಿ ಸುತ್ತಿ ಹಿಡಿದಿದ್ದಳು. ಜ್ವರ ನಿನ್ನೆ ಇಳಿದಿದೆ, ಕೆಮ್ಮು ಇಳಿದಿಲ್ಲ.

ಜೆರೂಶಾ ಎದ್ದು ನಡುವಿನ ದಾರಿಗೆ ಬಂದಳು. ಹೆಂಗಸೊಬ್ಬಳು ಆ ಜಾಗದಲ್ಲಿ ತಾನೇ ಮಾತಾಡಿದ್ದನ್ನು ನಾನು ಕಂಡಿಲ್ಲ. ಗಂಡಸರ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಪೆಲೆಗ್ ತಿರುಗಿ ನೋಡಿದ, ನಿಂತಿತು.

ಹೆಚ್ಚು ಹೇಳಲಿಲ್ಲ ಅವಳು. ರೂಬೆನ್ ಸತ್ತದ್ದು, ಕಾಡುದಾರಿ ನಡೆದದ್ದು, ಹೆತ್ತದ್ದು. ಆಮೇಲೆ ಹೀಗೆಂದಳು:

"ಕೃಪೆ ಅಂದ್ರೆ ಕೇಳದೇ ಬರೋದು, ಯೋಗ್ಯತೆ ನೋಡದೇ ಬರೋದು, ನಾವು ಶತ್ರುಗಳಾಗಿದ್ದಾಗಲೇ ಬರೋದು ಅಂತ ಅಯ್ನೋರು ಹತ್ತು ವರ್ಷದಿಂದ ಹೇಳಿಕೊಟ್ರು. ನನಗೆ ಬಂದಿದ್ಯಾ ಅಂತ ಬಹಳ ಹುಡುಕ್ದೆ. ಹಂಗೆ ಬಂದಿದ್ದು ನನ್ನ ಜನ್ಮದಲ್ಲಿ ಒಂದೇ ಸಲ. ನಮ್ಮೋರು ಅವಳ ಜೋಳ ಸುಟ್ಟಿದ್ರು. ಅವಳ ಕೂಸು ಸತ್ತಿತ್ತು. ನಾನು ಕೇಳಿರಲಿಲ್ಲ. ಅವಳೇ ಕೈ ಚಾಚಿದ್ಲು. ಇದು ಸಾಕ್ಷಿ ಅಲ್ಲ ಅಂದ್ರೆ ನನ್ನ ಹತ್ರ ಬೇರೆ ಇಲ್ಲ. ಡೀಕನ್ನೋರೇ, ನಿಮ್ಮ ಮಗನ ಜೊತೆ ನಾನು ಆಡಿ ಬೆಳೆದೋಳು. ನಿಮ್ಮ ಮುಂದೆ ಸುಳ್ಳು ಹೇಳಲ್ಲ."

ಕೈಯೆತ್ತಲು ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಕೇಳಿದೆ. ಮೊದಲು ಹಿಂದಿನ ಬೆಂಚಿನಲ್ಲಿ ಒಂದು, ಆಮೇಲೆ ಅಲ್ಲೊಂದು ಇಲ್ಲೊಂದು. ಅರ್ಧಕ್ಕಿಂತ ನಾಲ್ಕು ಕೈ ಹೆಚ್ಚು ಬಂದವು. ಪೆಲೆಗ್ ಎತ್ತಲಿಲ್ಲ, ಎತ್ತಿದವರನ್ನು ಇಳಿಸಲೂ ಇಲ್ಲ. ಎರಡು ಕೈಗಳನ್ನೂ ಮಂಡಿಯ ಮೇಲೆ ಬಿಗಿಯಾಗಿ ಒತ್ತಿಕೊಂಡು ಕೂತಿದ್ದ.

ನೀರಿನ ಬೋಗುಣಿ ತರುವುದು ಡೀಕನ್ನನ ಕೆಲಸ. ತರುತ್ತಾನೋ ಇಲ್ಲವೋ ಎಂದು ಎಲ್ಲರೂ ಅವನನ್ನೇ ನೋಡುತ್ತಿದ್ದರು. ಎದ್ದ. ತಂದ. ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಹೆಬ್ಬೆರಳಿಂದ ಒಡೆದು, ಚೂರುಗಳನ್ನು ಆಯ್ದು ಹೊರಗೆ ಹಾಕಿದ. ಆಮೇಲೆ ತನ್ನ ದೊಡ್ಡ ಅಂಗೈಯನ್ನು ನೀರಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಾಗೇ ಹಿಡಿದ, ಮಗುವಿಗೆ ಚಳಿ ಹತ್ತದಿರಲೆಂದು.

"ಹೆಸರೇನು?" ಎಂದು ಕೇಳಿದೆ.

"ಸೀಕ್ವಾನ್" ಎಂದಳು ಜೆರೂಶಾ.

ಬೈಬಲಿನಲ್ಲಿಲ್ಲದ ಹೆಸರು. ಸದ್ಗುಣದ ಹೆಸರೂ ಅಲ್ಲ. ನಾನು ಒಂದು ಪುಸ್ತಕದಿಂದ ತೆಗೆದುಹಾಕಿದ ಹೆಸರು. ಅದನ್ನು ದೇವರ ಮುಂದೆ, ಇಡೀ ಸಭೆಯ ಮುಂದೆ, ನನ್ನ ಬಾಯಿಂದಲೇ ಹೇಳಬೇಕಿತ್ತು. ಹೇಳಿದೆ. ಕಿತ್ತ ಹಲ್ಲಿನ ಜಾಗದಲ್ಲಿ ನಾಲಿಗೆ ಎಡವಿತು. ಇನ್ನೊಮ್ಮೆ ಸರಿಯಾಗಿ ಹೇಳಿ ನೀರು ಹಾಕಿದೆ. ಮಗು ಕೆಮ್ಮಿ, ಕಿರುಚಿ ಅತ್ತಿತು. ಅಷ್ಟು ಗಟ್ಟಿಯಾಗಿ ಅತ್ತದ್ದು ಒಳ್ಳೆಯದೇ ಎಂದು ಡಾರ್ಕಸ್ ಪಿಸುಗುಟ್ಟಿದಳು.

ಆಮೇಲೆ ಸಭೆಯ ದಾಖಲೆಯಲ್ಲಿ ಬರೆಯುತ್ತಿದ್ದೆ. ಪೆಲೆಗ್ ಬೋಗುಣಿ ಒರೆಸುತ್ತಾ ಪಕ್ಕದಲ್ಲಿ ನಿಂತಿದ್ದ. ಜೆರೂಶಾಳ ಕಡೆ ನೋಡದೆ ಕೇಳಿದ:

"ಆ ಹೆಸರಿಗೆ ಅರ್ಥ ಏನಂತೆ?"

"ನಾನು ಕೇಳ್ಲಿಲ್ಲ ಡೀಕನ್ನೋರೇ" ಎಂದಳು. "ಹಂಗೆ ಕರೆದ್ರೆ ಓ ಅಂತಿದ್ಲು. ಅಷ್ಟೇ ಗೊತ್ತು."

ಹೆಸರನ್ನಷ್ಟೇ ಬರೆದು ಶಾಯಿ ಆರಲೆಂದು ಪುಸ್ತಕ ತೆರೆದಿಟ್ಟೆ. ಆ ಹಡಗು ಈಗ ಯಾವ ದ್ವೀಪ ಮುಟ್ಟಿದೆಯೋ. ಅಲ್ಲಿ ಅವಳನ್ನು ಏನೆಂದು ಕರೆಯುತ್ತಾರೋ.